ಸರಳತೆಯೂ ಗಮನದ ಋಣವೂ

ಸರಳತೆಯನ್ನು ಹೊಗಳದ ನೀತಿಶಾಸ್ತ್ರವಿಲ್ಲ. ಉಡುಪಿನಲ್ಲಿ ಸರಳತೆ, ಊಟದಲ್ಲಿ ಸರಳತೆ, ಮಾತಿನಲ್ಲಿ ಸರಳತೆ, ಇವೆಲ್ಲ ಸಜ್ಜನರ ಲಕ್ಷಣಗಳೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಸರಳತೆಯೆಂಬುದು ಇರುವುದೆಲ್ಲಿ? ಕಣ್ಣಿಗೆ ಕಾಣುವ ವಸ್ತುವಿನಲ್ಲಿಯೆ, ಅಥವಾ ಆ ವಸ್ತುವಿನಿಂದ ಮನುಷ್ಯನು ನಡೆಸಬೇಕಾದ ಕೆಲಸದಲ್ಲಿಯೆ? ಈ ಪ್ರಶ್ನೆ ನನಗೆ ಹುಟ್ಟಿದ್ದು ಗ್ರಂಥಗಳ ನಡುವೆ ಅಲ್ಲ. ಮಳೆಗಾಲದ ಒಂದು ಸಂಜೆ, ಮಿತ್ರರೊಬ್ಬರ ಹೊಸ ವಿದ್ಯುತ್ ಕಾರಿನಲ್ಲಿ.

ಆ ಕಾರಿನ ಒಳಭಾಗ ನೋಡುವುದಕ್ಕೆ ಬಹು ಸೊಗಸಾಗಿತ್ತು. ಚಾಲಕನ ಮುಂದೆ ಒಂದು ಚಕ್ರ, ನಡುವೆ ಅಗಲವಾದ ಒಂದು ಗಾಜಿನ ಪರದೆ, ಮಿಕ್ಕದ್ದೆಲ್ಲ ಬಯಲು. ಒತ್ತುವ ಗುಂಡಿಗಳಾಗಲಿ ತಿರುಗಿಸುವ ತಿರುಪುಗಳಾಗಲಿ ಎಲ್ಲಿಯೂ ಕಾಣಲಿಲ್ಲ. “ನೋಡಿ, ಗುಡಿಸಿ ಸಾರಿಸಿದ ಪಡಸಾಲೆಯ ಹಾಗಿದೆ” ಎಂದು ಮಿತ್ರರು ಹೆಮ್ಮೆಪಟ್ಟರು, ನಾನೂ ಒಪ್ಪಿದೆನು. ಊರು ದಾಟುವಷ್ಟರಲ್ಲಿ ಮಳೆ ಬಿರುಸಾಯಿತು. ಮುಂಗಾಜಿನ ಒಳಮೈಗೆ ಮಂಜು ಕವಿಯಿತು. ಅದನ್ನು ಕಳೆಯುವ ಗಾಳಿಯನ್ನು ಬಿಡಬೇಕಾದರೆ ಪರದೆಯ ಮೇಲಿನ ಒಂದು ಚಿತ್ರವನ್ನು ಮುಟ್ಟಬೇಕು. ಆಗ ತೆರೆಯುವ ಪುಟದಲ್ಲಿ ಮತ್ತೊಂದು ಚಿತ್ರವನ್ನು ಹುಡುಕಬೇಕು. ಗಾಡಿ ಕುಲುಕಿದಾಗ ಬೆರಳು ಪಕ್ಕಕ್ಕೆ ತಾಗಿ ಸಂಗೀತ ಮೊಳಗಿತು. ಮಿತ್ರರ ದೃಷ್ಟಿ ಪುನಃ ಪರದೆಗೆ ಇಳಿಯಿತು. ಅಷ್ಟರಲ್ಲಿ, ತಲೆಯ ಮೇಲೆ ಗೋಣಿಯ ಕೊಪ್ಪೆ ಹಾಕಿಕೊಂಡು ಸೈಕಲ್ಲನ್ನು ತಳ್ಳಿಕೊಂಡು ಹೋಗುತ್ತಿದ್ದವನೊಬ್ಬನು ನನ್ನ ಕಣ್ಣಿಗೆ ಬಿದ್ದನು. ನಾನು ಕೂಗಿದೆನು, ಗಾಡಿ ನಿಂತಿತು. ಅನಾಹುತವೇನೂ ಆಗಲಿಲ್ಲ. ಆತನು ತಿರುಗಿಯೂ ನೋಡದೆ ತನ್ನ ದಾರಿ ಹಿಡಿದು ಹೋದನು. ಆದರೆ ನಾವಿಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ.

ಇದು ಆ ಒಂದು ಗಾಡಿಯ ದೋಷವೆಂದರೆ ಅನ್ಯಾಯವಾದೀತು. ಇದು ಈ ಕಾಲದ ರೂಢಿ. ಕಾರಿನೊಳಗೆ ಸ್ಪರ್ಶಪರದೆಯನ್ನು ಇಡುವ ಯತ್ನವೇನೋ ಹಳೆಯದು. ಅಮೆರಿಕದ ಬ್ಯೂಯಿಕ್ ರಿವಿಯೇರಾ ಗಾಡಿಯಲ್ಲಿ 1986ರಲ್ಲಿಯೇ ಅಂಥದೊಂದಿತ್ತು. ಆದರೆ ಅದನ್ನು ಅಲಂಕಾರದ ಆದರ್ಶವನ್ನಾಗಿ ಮೆರೆಸಿದ್ದು ವಿದ್ಯುತ್ ಕಾರು. ಟೆಸ್ಲಾ ಸಂಸ್ಥೆಯವರು 2012ರ ಮಾಡೆಲ್ ಎಸ್ ಗಾಡಿಯಲ್ಲಿ 17 ಅಂಗುಲದ ಪರದೆಯನ್ನು ನಿಲ್ಲಿಸಿದರು. 2017ರ ಮಾಡೆಲ್ 3ರಲ್ಲಿ ಚಾಲಕನೆದುರಿನ ವೇಗಸೂಚಕವನ್ನೂ ತೆಗೆದು, ವೇಗದ ಅಂಕಿಯನ್ನು ನಡುವಣ ಪರದೆಗೆ ಸಾಗಿಸಿದರು. 2023ರಲ್ಲಿ ಅದೇ ಗಾಡಿಯನ್ನು ಪರಿಷ್ಕರಿಸಿದಾಗ ತಿರುವಿನ ದೀಪವನ್ನು ಹಾಕುವ ಸನ್ನೆಕಡ್ಡಿಯೂ ಹೋಯಿತು. ಅದರ ಬದಲು ಚಕ್ರದ ಮೇಲೆಯೇ ಗುಂಡಿಗಳು ಬಂದವು. ಚಕ್ರ ತಿರುಗಿದಂತೆ ಅವೂ ತಿರುಗುವುವು. ಎಡಬಲಗಳನ್ನು ಬೆರಳು ಹೊಸದಾಗಿ ಹುಡುಕಬೇಕಾಗುವುದು. ಮಿಕ್ಕ ಹಲವು ಸಂಸ್ಥೆಗಳೂ ಬರಿದುಮಾಡುವ ಈ ಹಾದಿಯನ್ನೇ ತುಳಿದವು.

ಪರದೆಯ ಪಕ್ಷದಲ್ಲಿಯೂ ಹೇಳತಕ್ಕ ಮಾತುಂಟು. ಅದನ್ನು ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲ. ದಾರಿಯ ನಕ್ಷೆಯನ್ನು ತೋರಿಸುವುದಕ್ಕೆ ಪರದೆಯೇ ಬೇಕು. ಗಾಡಿಯನ್ನು ಹಿಂದಕ್ಕೆ ಸರಿಸುವಾಗ ಹಿಂಬದಿಯಲ್ಲಿ ಆಡುತ್ತಿರುವ ಮಗುವನ್ನು ಕ್ಯಾಮೆರಾದ ಮೂಲಕ ತೋರಿಸಿ ಕಾಪಾಡುವುದೂ ಪರದೆಯೇ. ಈ ಉಪಕಾರವನ್ನು ಯಾವ ಗುಂಡಿಯೂ ಮಾಡಲಾರದು. ಒಂದೊಂದು ಗುಂಡಿಗೂ ಬೇರೆ ಅಚ್ಚು, ಬೇರೆ ತಂತಿ, ಬೇರೆ ಪರೀಕ್ಷೆ ಬೇಕು. ಪರದೆಯಾದರೆ ವೆಚ್ಚ ಕಡಮೆ, ಗಾಡಿ ಮಾರಾಟವಾದ ಮೇಲೂ ಅದರೊಳಗಿನ ಏರ್ಪಾಡನ್ನು ತಿದ್ದಬಹುದು. ಅಲ್ಲದೆ, ಗುಂಡಿಗಳು ಮಿತಿಮೀರಿದ ಗಾಡಿಗಳೂ ಹಿಂದೆ ಇದ್ದವು. ಹತ್ತಾರು ಗುಂಡಿಗಳ ಸಾಲಿನಲ್ಲಿ ಬೇಕಾದದ್ದನ್ನು ಹುಡುಕುವುದೂ ಕಣ್ಣಿನ ಕೆಲಸವೇ ಆಗಿತ್ತು. ಆದಕಾರಣ ಪರದೆ ಕೆಟ್ಟದ್ದು, ಗುಂಡಿ ಒಳ್ಳೆಯದು ಎಂದು ಎರಡೇ ಮಾತಿನಲ್ಲಿ ಮುಗಿಸಲಾಗದು. ಯಾವ ಕೆಲಸ ಯಾವುದಕ್ಕೆ ಸೇರತಕ್ಕದ್ದು ಎಂಬುದೇ ಇಲ್ಲಿಯ ವಿಚಾರ.

ಕೈಗೆ ತನ್ನದೇ ಒಂದು ಅರಿವುಂಟು. ವೀಣೆಯನ್ನು ಬಲ್ಲವರು ಸಭೆಯನ್ನು ನೋಡುತ್ತ ನುಡಿಸುವರು. ಬೆರಳು ಸ್ವರದ ಸ್ಥಾನವನ್ನು ತಾನೇ ಹಿಡಿಯುವುದು. ಅಡುಗೆಮನೆಯಲ್ಲಿ ತಾಯಿ ಒಲೆಯ ಮೇಲಿನ ಹಾಲಿನಿಂದ ಕಣ್ಣು ತೆಗೆಯದೆಯೇ ಉಪ್ಪಿನ ಮರಿಗೆಗೆ ಕೈ ಹಾಕುವಳು. ಮರಿಗೆ ನಿನ್ನೆ ಇದ್ದಲ್ಲಿಯೇ ಇಂದೂ ಇದೆ, ಅದರ ಅಂಚು ಕೈಗೆ ಗೊತ್ತಿದೆ ಎಂಬುದರಿಂದ ಇದು ಸಾಧ್ಯ. ಗುಂಡಿಯ ಗುಣವೂ ಇದೇ. ಅದಕ್ಕೆ ಒಂದು ಸ್ಥಾನ, ಒಂದು ಆಕಾರ, ಒತ್ತಿದರೆ ಒಂದು ಪ್ರತಿರೋಧ, ಕೆಲಸ ಆಯಿತೆಂದು ತಿಳಿಸುವ ಒಂದು ಸಣ್ಣ ಸಪ್ಪಳ ಇವೆ. ಗಾಜಿಗಾದರೋ ಎಲ್ಲೆಡೆಯೂ ಒಂದೇ ನುಣುಪು. ಅದರ ಮೇಲೆ ಬೆರಳು ಕುರುಡು. ಬೆರಳಿಗೆ ದಾರಿ ತೋರಿಸಲು ಕಣ್ಣು ರಸ್ತೆಯನ್ನು ಬಿಟ್ಟು ಬರಬೇಕು. ಬಾಯಿಯಿಂದ ಹೇಳಿ ಮಾಡಿಸಬಹುದಲ್ಲ ಎನ್ನುವವರುಂಟು. ಯಂತ್ರಕ್ಕೆ ಮಾತು ತಿಳಿದಾಗ ಅದು ಅನುಕೂಲವೇ. ತಿಳಿಯದೆ ಹೋದಾಗ ಹೇಳಿದ್ದನ್ನೇ ಹೇಳುತ್ತ ಕುಳಿತವನ ಮನಸ್ಸು ರಸ್ತೆಯ ಮೇಲೆ ಇರುವುದಿಲ್ಲ.

ಇದು ಕೇವಲ ಊಹೆಯಲ್ಲ. ಸ್ವೀಡನ್ನಿನ “ವಿ ಬಿಲೆಗಾರೆ” ಎಂಬ ಮೋಟಾರು ಪತ್ರಿಕೆಯವರು 2022ರಲ್ಲಿ ಒಂದು ಪರೀಕ್ಷೆ ನಡೆಸಿದರು. 11 ಹೊಸ ಗಾಡಿಗಳನ್ನೂ, ಗುಂಡಿಗಳೇ ತುಂಬಿದ 2005ರ ಒಂದು ವೋಲ್ವೋ ಗಾಡಿಯನ್ನೂ ವಿಮಾನ ನಿಲ್ದಾಣದ ಬಯಲಿನಲ್ಲಿ ಗಂಟೆಗೆ 110 ಕಿಲೋಮೀಟರು ವೇಗದಲ್ಲಿ ಓಡಿಸಿ, ನಾಲ್ಕು ಕೆಲಸಗಳನ್ನು ಮಾಡಿಸಿದರು. ಗಾಜಿನ ಮಂಜು ಕಳೆಯುವುದೂ ಅವುಗಳಲ್ಲಿ ಸೇರಿತ್ತು. ಗಾಡಿಯ ಪರಿಚಯ ಮಾಡಿಕೊಳ್ಳಲು ಚಾಲಕರಿಗೆ ಮೊದಲೇ ಸಮಯ ಕೊಟ್ಟಿದ್ದರು. ಹಳೆಯ ಗಾಡಿಯಲ್ಲಿ ನಾಲ್ಕೂ ಕೆಲಸಗಳು 10 ಸೆಕೆಂಡಿನಲ್ಲಿ ಮುಗಿದವು. ಅಷ್ಟರಲ್ಲಿ ಅದು 306 ಮೀಟರು ಓಡಿತ್ತು. ಹೊಸದರಲ್ಲಿ ಅತಿ ಹಿಂದುಳಿದ ಎಂಜಿ ಮಾರ್ವೆಲ್ ಆರ್ ಎಂಬ ವಿದ್ಯುತ್ ಕಾರಿಗೆ ಹಿಡಿದದ್ದು 44.9 ಸೆಕೆಂಡು; ಅದು ಓಡಿದ ದೂರ 1,372 ಮೀಟರು. ಇನ್ನೊಂದು ಸಂಗತಿಯನ್ನೂ ಹೇಳುವುದು ನ್ಯಾಯ: ಪರದೆಯಿದ್ದ ಗಾಡಿಗಳಲ್ಲಿಯೇ ಎರಡು, ಎಲ್ಲವನ್ನೂ ಪರದೆಗೆ ಹೇರದೆ ಇದ್ದುದರಿಂದ, 14 ಸೆಕೆಂಡಿನೊಳಗೆ ಕೆಲಸ ಮುಗಿಸಿದವು. ವಿವೇಕಕ್ಕೆ ಪರದೆಯೇ ಶತ್ರುವಲ್ಲವೆಂಬುದಕ್ಕೆ ಇದು ಸಾಕ್ಷಿ.

ಈಗ ನೀತಿಯ ಪ್ರಶ್ನೆಗೆ ಬರೋಣ. ಗಾಡಿ ನಡೆಸುವವನ ಗಮನ ಯಾರ ಸೊತ್ತು? ಮನೆಯಲ್ಲಿ ಕುಳಿತು ಪುಸ್ತಕ ಓದುವಾಗ ನನ್ನ ಗಮನ ನನ್ನದು. ಅದನ್ನು ಕಿಟಕಿಯ ಆಚೆಗೆ ಹರಿಯಬಿಟ್ಟರೆ ನಷ್ಟ ನನಗೊಬ್ಬನಿಗೆ. ಆದರೆ ಚಕ್ರ ಹಿಡಿದವನ ಗಮನ ಹಾಗಲ್ಲ. ಅದು ಎದುರಿಗೆ ಬರುವವರಿಗೆ, ದಾರಿಯ ಅಂಚಿನಲ್ಲಿ ನಡೆಯುವವರಿಗೆ, ಚೆಂಡಿನ ಹಿಂದೆ ಓಡಿಬರುವ ಮಗುವಿಗೆ ಅವನು ತೀರಿಸಬೇಕಾದ ಋಣ. ಈ ದೃಷ್ಟಿಯಿಂದ ನೋಡಿದರೆ, ಗುಂಡಿಯನ್ನು ಕಿತ್ತು ಅದರ ಕೆಲಸವನ್ನು ಪರದೆಯ ಎರಡನೆಯ ಪುಟಕ್ಕೆ ಸೇರಿಸಿದವನು ಗಾಡಿಯೊಳಗಿನ ಒಂದು ವಸ್ತುವನ್ನು ಮಾತ್ರ ಕಡಮೆಮಾಡಿದಂತಾಗಲಿಲ್ಲ. ಬೀದಿಯಲ್ಲಿರುವ ಅಪರಿಚಿತನಿಗೆ ಸಲ್ಲಬೇಕಾದ ಗಮನದಲ್ಲಿ ಒಂದು ಪಾಲನ್ನು ಅವನನ್ನು ಕೇಳದೆಯೇ ತೆಗೆದುಕೊಂಡಂತಾಯಿತು.

ಹಾಗಾದರೆ ತಪ್ಪು ಯಾರದು? ಜರ್ಮನಿಯಲ್ಲಿ ಟೆಸ್ಲಾ ಗಾಡಿಯ ಚಾಲಕನೊಬ್ಬನು ಬಿರುಮಳೆಯಲ್ಲಿ ಗಾಜೊರಸುವ ವೈಪರಿನ ವೇಗವನ್ನು ಪರದೆಯ ಮೇಲೆ ಬದಲಾಯಿಸುತ್ತಿದ್ದಾಗ ಗಾಡಿ ರಸ್ತೆಯಿಂದ ಜಾರಿ ಮರಗಳಿಗೆ ಬಡಿಯಿತು. 2020ರಲ್ಲಿ ಕಾರ್ಲ್ಸ್‌ರೂಹೆಯ ಉಚ್ಚ ಪ್ರಾಂತ ನ್ಯಾಯಾಲಯವು, ಗಾಡಿಯೊಳಗೆ ಕೂರಿಸಿದ ಪರದೆಯೂ ವಿದ್ಯುನ್ಮಾನ ಉಪಕರಣವೇ, ಅದನ್ನು ಬಳಸುವಾಗ ಕ್ಷಣಮಾತ್ರಕ್ಕಿಂತ ಹೆಚ್ಚು ನೋಡಕೂಡದು ಎಂಬ ನಿಯಮ ಇದಕ್ಕೂ ಸಲ್ಲುವುದು ಎಂದು ಹೇಳಿ, ಆತನ ಮೇಲಿನ 200 ಯೂರೋ ದಂಡವನ್ನೂ ಒಂದು ತಿಂಗಳ ಚಾಲನಾ ನಿಷೇಧವನ್ನೂ ಎತ್ತಿಹಿಡಿಯಿತು. ತೀರ್ಪು ಸರಿಯೆಂದೇ ನನ್ನ ಭಾವನೆ. ಚಕ್ರ ಹಿಡಿದವನು ಹೊಣೆಯಿಂದ ನುಣುಚಿಕೊಳ್ಳಲಾರನು. ಆದರೆ ಕಾನೂನಿನ ಹೊಣೆ ಮುಗಿದಲ್ಲಿ ನೀತಿಯ ಹೊಣೆ ಮುಗಿಯುವುದಿಲ್ಲ. ಮಳೆಯಲ್ಲಿ ಗಾಜೊರಸುವುದು ಚಾಲಕನ ಚಪಲವಲ್ಲ, ಕರ್ತವ್ಯ. ಒಂದು ಕರ್ತವ್ಯವನ್ನು ಮಾಡಹೊರಟವನು ಇನ್ನೊಂದಕ್ಕೆ ತಪ್ಪಲೇಬೇಕಾಗುವಂತೆ ಏರ್ಪಾಡು ಮಾಡಿ, ತಪ್ಪಿದಾಗ ಅವನೊಬ್ಬನನ್ನೇ ದೂರುವುದು ಧರ್ಮವಲ್ಲ. ಕಿರಿದಾದ ಸೇತುವೆಗೆ ಕಟಾಂಜನವಿಡದೆ ಹೋದವನಿಗೂ ಬಿದ್ದವನ ಪಾಪದಲ್ಲಿ ಪಾಲುಂಟು.

ಈ ಮಾತು ಈಗ ತಯಾರಕರಿಗೂ ತಿಳಿಯುತ್ತ ಬಂದಿದೆ. ಫೋಕ್ಸ್‌ವಾಗನ್ ಸಂಸ್ಥೆಯ ವಿನ್ಯಾಸಮುಖ್ಯಸ್ಥರಾದ ಆಂಡ್ರಿಯಾಸ್ ಮಿಂಟ್ ಅವರು 2025ರಲ್ಲಿ, ಗುಂಡಿಗಳನ್ನು ತೆಗೆದದ್ದು ತಪ್ಪೆಂದು ಒಪ್ಪಿ, ಧ್ವನಿ, ಬಿಸಿ, ಗಾಳಿ, ಅಪಾಯದೀಪ ಇವುಗಳಿಗೆ ಮುಂದೆ ಗುಂಡಿಗಳೇ ಇರುವುವೆಂದು ತಿಳಿಸಿದರು. ಯೂರೋಪಿನಲ್ಲಿ ಗಾಡಿಗಳ ಸುರಕ್ಷತೆಯನ್ನು ಅಳೆಯುವ ಯೂರೋ ಎನ್‌ಕ್ಯಾಪ್ ಸಂಸ್ಥೆಯು, 2026ರ ಜನವರಿಯಿಂದ ಐದು ನಕ್ಷತ್ರಗಳ ಮನ್ನಣೆ ಬಯಸುವ ಗಾಡಿಯಲ್ಲಿ ತಿರುವಿನ ದೀಪ, ಅಪಾಯದೀಪ, ಹಾರನ್ನು, ವೈಪರು, ತುರ್ತು ಕರೆ ಇವು ಕೈಗೆ ಸಿಕ್ಕುವ ಗುಂಡಿ ಅಥವಾ ಸನ್ನೆಗಳಾಗಿರಬೇಕೆಂದು 2024ರಲ್ಲಿ ಸಾರಿತು. ಇದು ಕಾನೂನಲ್ಲ, ಮನ್ನಣೆಯ ಷರತ್ತು ಮಾತ್ರ; ಆದರೂ ಸ್ವಾಗತಾರ್ಹ. ಆದರೆ ಆಗ ಹೆಸರಿಸಿದ ಈ ಐದರಲ್ಲಿ ಮಂಜು ಕಳೆಯುವ ಗಾಳಿ ಇಲ್ಲ. ಎಷ್ಟು ಉದ್ದನೆಯ ಪಟ್ಟಿ ಬರೆದರೂ ಪಟ್ಟಿಯ ಹೊರಗೆ ಏನಾದರೂ ಉಳಿಯುವುದು. ಅಲ್ಲಿ ಕೆಲಸಕ್ಕೆ ಬರುವುದು ನಿಯಮವಲ್ಲ, ಮಾಡುವವನ ಅಂತಃಕರಣ.

ತನ್ನದನ್ನು ಬಿಟ್ಟರೆ ತ್ಯಾಗ. ಪರರದನ್ನು ಬಿಟ್ಟರೆ ಅದಕ್ಕೆ ಬೇರೆ ಹೆಸರುಂಟು. ಬರಿದಾದ ಫಲಕದ ಸೌಂದರ್ಯ ಕೊಂಡವನಿಗೆ, ಉಳಿತಾಯ ಮಾಡಿದವನಿಗೆ. ಅದರ ಬೆಲೆ ಮಾತ್ರ ಕೊಪ್ಪೆ ಹಾಕಿಕೊಂಡು ನಡೆದವನದಾದರೆ, ಅದನ್ನು ಸರಳತೆಯೆಂದು ಕರೆಯಲು ನನ್ನ ಮನಸ್ಸು ಒಪ್ಪದು. ಕರ್ತವ್ಯದ ಹೊತ್ತಿನಲ್ಲಿ ಮನುಷ್ಯನಿಂದ ಅತ್ಯಲ್ಪವನ್ನು ಬೇಡುವ ವಸ್ತುವೇ ಸರಳವಾದ ವಸ್ತು.

ಮೊನ್ನೆ ಆ ಮಿತ್ರರನ್ನು ಕಂಡಾಗ ಅವರು, “ಈಗ ಮಳೆಯ ಸೂಚನೆ ಕಂಡರೆ ಗಾಡಿ ಹೊರಡಿಸುವ ಮೊದಲೇ ಗಾಳಿಯನ್ನು ಹೊಂದಿಸಿಕೊಳ್ಳುತ್ತೇನೆ, ಮರೆತರೆ ದಾರಿಯ ಪಕ್ಕಕ್ಕೆ ನಿಲ್ಲಿಸುತ್ತೇನೆ” ಎಂದರು. ಅದು ಅವರ ಸೌಜನ್ಯ. ಗಾಡಿಯನ್ನು ಕಟ್ಟಿದವರಿಗೂ ಅಷ್ಟು ಸೌಜನ್ಯವಿದ್ದಿದ್ದರೆ, ಅವರು ದಾರಿಯ ಪಕ್ಕದಲ್ಲಿ ನಿಲ್ಲಬೇಕಾಗಿರಲಿಲ್ಲ.