ಬಣ್ಣದ ಕೆಳಗಿನ ತುಕ್ಕು

ಕಾರಿನ ಮುಂದಿನ ಗಾಜಿನ ಸುತ್ತ ಕಪ್ಪು ರಬ್ಬರಿನ ಒಂದು ಬೀಡಿಂಗ್ ಇರುತ್ತದೆ. ದಿನವೂ ಕಾರು ಓಡಿಸುವವರು ಕೂಡಾ ಅದರತ್ತ ಗಮನ ಹರಿಸುವುದು ಕಡಿಮೆ. ಮಂಗಳೂರು, ಉಡುಪಿ, ಭಟ್ಕಳ, ಕಾರವಾರದಂತಹ ಕಡಲ ತೀರದ ಊರುಗಳಲ್ಲಿ ಹಲವು ಮಳೆಗಾಲಗಳನ್ನು ಕಂಡ ಕಾರುಗಳನ್ನು ನೋಡಿ. ಕೆಲವದರಲ್ಲಿ ಈ ಬೀಡಿಂಗ್‌ನ ಅಂಚಿನಲ್ಲಿ ಬಣ್ಣವು ಸಣ್ಣ ಗುಳ್ಳೆಗಳಂತೆ ಉಬ್ಬಿರುತ್ತದೆ. ಉಗುರಿನಿಂದ ಕೆರೆದರೆ ಬಣ್ಣ ಎದ್ದು ಬರುತ್ತದೆ; ಅದರಡಿಯಲ್ಲಿ ಕಂದು ಪುಡಿ. ಇದನ್ನು ಸರಿಪಡಿಸಲು ಎರಡು ದಾರಿಗಳಿವೆ. ಕೆಲಸ ಮುಗಿದ ದಿನ ಎರಡೂ ಒಂದೇ ರೀತಿ ಕಾಣುತ್ತವೆ. ಹಾಗೆ ಕಾಣುವುದರಲ್ಲೇ ಒಂದು ನೈತಿಕ ಪ್ರಶ್ನೆ ಅಡಗಿದೆ.

ಮೊದಲು ತುಕ್ಕಿನ ಸ್ವಭಾವವನ್ನು ತಿಳಿಯೋಣ. ಕಬ್ಬಿಣ, ನೀರು ಮತ್ತು ಗಾಳಿಯ ಆಮ್ಲಜನಕ ಸೇರಿದರೆ ತುಕ್ಕು ಹುಟ್ಟುತ್ತದೆ. ಉಪ್ಪಿನಂಶವಿದ್ದರೆ ಅದರ ವೇಗ ಹೆಚ್ಚು. ಬೀಡಿಂಗ್‌ನ ಕೆಳಗೆ ಧೂಳು, ಒಣಗಿದ ಎಲೆಯ ಚೂರು ಸೇರಿಕೊಂಡು ಮಳೆ ನಿಂತ ಮೇಲೂ ದಿನಗಟ್ಟಲೆ ತೇವವನ್ನು ಹಿಡಿದಿಡುತ್ತವೆ. ಒಡೆದ ಗಾಜನ್ನು ಬದಲಾಯಿಸುವಾಗ ಹಳೆಯ ಅಂಟನ್ನು ಕೊಯ್ಯುವ ಚಾಕು ಬಣ್ಣದ ಮೇಲೆ ಗೀರು ಎಳೆದು, ಅದಕ್ಕೆ ಪ್ರೈಮರ್ ಹಚ್ಚದೆಯೇ ಹೊಸ ಗಾಜು ಕೂರಿಸಿದರೆ ತುಕ್ಕು ಅಲ್ಲಿಂದಲೇ ಶುರು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಆಕ್ರಮಿಸುತ್ತದೆ. ಹಾಗಾಗಿಯೇ ಅದು ಬಣ್ಣವನ್ನು ಒಳಗಿನಿಂದ ಎತ್ತುತ್ತದೆ. ಆ ಬಿರುಕಿನಲ್ಲಿ ಮತ್ತೆ ನೀರು ಇಳಿಯುತ್ತದೆ. ಹೊರಗೆ ಕಾಣುವ ಒಂದು ಗುಳ್ಳೆಗಿಂತ ಒಳಗಿನ ಹರವು ಸಾಮಾನ್ಯವಾಗಿ ದೊಡ್ಡದು.

ಸರಿಯಾದ ರಿಪೇರಿ ತಾಳ್ಮೆಯ ಕೆಲಸ. ಬೀಡಿಂಗ್ ತೆಗೆಯಬೇಕು, ತುಕ್ಕು ಗಾಜಿನ ಅಂಟಿನ ಕೆಳಗೆ ನುಗ್ಗಿದ್ದರೆ ಗಾಜನ್ನೇ ಬಿಚ್ಚಬೇಕು. ಹೊಳೆಯುವ ಲೋಹ ಕಾಣುವವರೆಗೆ ಎಮರಿ ಪೇಪರಿನಿಂದ ಉಜ್ಜಬೇಕು. ಸಣ್ಣ ಗುಳಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲವಿರುವ ದ್ರಾವಣ ಹಚ್ಚಬೇಕು. ಅನಂತರ ಪ್ರೈಮರ್, ಬಣ್ಣ, ಪ್ರತಿಯೊಂದೂ ಒಣಗಲು ಸಮಯ. ಎರಡನೆಯ ದಾರಿ ಸುಲಭ. ಗುಳ್ಳೆಯನ್ನು ಕೆರೆದು, ಪುಟ್ಟಿ ತುಂಬಿ, ಮೇಲಿಂದ ಬಣ್ಣ ಹೊಡೆದು, ಬೀಡಿಂಗ್ ಒತ್ತಿಬಿಟ್ಟರೆ ಮುಗಿಯಿತು. ಕಾರನ್ನು ಮಾರಲು ಹೊರಟವನಿಗೆ ಅಷ್ಟು ಸಾಕು. ಒಂದೆರಡು ಮಳೆಗಾಲಗಳಲ್ಲಿ ಗುಳ್ಳೆ ಮತ್ತೆ ಏಳುತ್ತದೆ, ಆದರೆ ಅಷ್ಟರಲ್ಲಿ ಕಾರು ಇನ್ನೊಬ್ಬನ ಅಂಗಳದಲ್ಲಿರುತ್ತದೆ.

ಇದು ಬರೀ ಅಂದದ ಮಾತಲ್ಲ. ಇಂದಿನ ಕಾರುಗಳಲ್ಲಿ ಮುಂದಿನ ಗಾಜು ಚೌಕಟ್ಟಿಗೆ ಅಂಟಿನಿಂದ ಬೆಸೆದಿರುತ್ತದೆ, ವಾಹನದ ಗಟ್ಟಿತನದಲ್ಲಿ ಅದಕ್ಕೂ ಪಾಲಿದೆ. ಅನೇಕ ಕಾರುಗಳಲ್ಲಿ ಅಪಘಾತವಾದಾಗ ಚಾಲಕನ ಪಕ್ಕದ ಸೀಟಿನ ಏರ್‌ಬ್ಯಾಗ್ ಉಬ್ಬುವಾಗ ಇದೇ ಗಾಜಿನ ಆಸರೆ ಪಡೆಯುತ್ತದೆ. ಅಂಟು ಹಿಡಿದಿರುವುದು ಲೋಹವನ್ನಲ್ಲ, ತುಕ್ಕನ್ನು ಎಂದಾದರೆ ಆ ಆಸರೆಯನ್ನು ನಂಬುವುದು ಹೇಗೆ?

ಈಗ ಪ್ರಶ್ನೆಗೆ ಬರೋಣ. ಮಾರುವವನು ಸುಳ್ಳು ಹೇಳಿಲ್ಲ. ಕೊಳ್ಳುವವನು ತುಕ್ಕಿನ ಬಗ್ಗೆ ಕೇಳಿಲ್ಲ. ಕೇಳದಿದ್ದುದನ್ನು ಹೇಳದಿರುವುದು ಮೋಸವೇ?

ಈ ಪ್ರಶ್ನೆ ಕಾರುಗಳಿಗಿಂತ ತುಂಬಾ ಹಳೆಯದು. ರೋಮಿನ ಸಿಸೆರೊ ಕ್ರಿ.ಪೂ. 44ರಲ್ಲಿ ತನ್ನ ಮಗನಿಗಾಗಿ ಕರ್ತವ್ಯಗಳ ಬಗ್ಗೆ ಬರೆದ ಗ್ರಂಥದಲ್ಲಿ ಒಂದು ಮನೆಯ ಮಾರಾಟದ ಉದಾಹರಣೆ ಕೊಡುತ್ತಾನೆ. ಮನೆಯ ಮರಮಟ್ಟು ಕೆಟ್ಟಿದೆ, ಮಲಗುವ ಕೋಣೆಗಳಲ್ಲಿ ಹಾವುಗಳು ಕಾಣಿಸಿಕೊಳ್ಳುತ್ತವೆ. ಇದು ಮಾಲಕನೊಬ್ಬನಿಗೇ ಗೊತ್ತು. ಅವನು ಹೇಳಬೇಕೇ? ಸ್ಟೋಯಿಕ್ ಪಂಥದ ಇಬ್ಬರು ಗುರುಗಳು ಇಲ್ಲಿ ಬೇರೆ ಬೇರೆ ನಿಲ್ಲುತ್ತಾರೆ. ಮಾಲಕ ಯಾರನ್ನೂ ಒತ್ತಾಯಿಸಿಲ್ಲ, ಕೊಳ್ಳುವವನಿಗೂ ಕಣ್ಣುಗಳಿವೆ ಎಂಬುದು ಬ್ಯಾಬಿಲೋನಿನ ಡಯೋಜಿನಿಸ್‌ನ ವಾದ. ಹೇಳದಿರುವುದೆಂದರೆ ದಾರಿ ತಪ್ಪಿದವನಿಗೆ ದಾರಿ ತೋರಿಸದಿರುವುದಕ್ಕಿಂತಲೂ ಕೆಟ್ಟದ್ದು, ಏಕೆಂದರೆ ಇಲ್ಲಿ ಗೊತ್ತಿದ್ದೂ ಇನ್ನೊಬ್ಬನನ್ನು ತಪ್ಪಿಗೆ ತಳ್ಳಲಾಗುತ್ತದೆ ಎಂಬುದು ಆಂಟಿಪೇಟರ್‌ನ ಉತ್ತರ. ಸಿಸೆರೊ ಆಂಟಿಪೇಟರ್‌ನ ಕಡೆಗೆ ವಾಲುತ್ತಾನೆ. ಬರೀ ಸುಮ್ಮನಿರುವುದು ಬೇರೆ, ತಿಳಿಯುವ ಅಗತ್ಯವಿದ್ದವನಿಗೆ ತಿಳಿಯದಿರಲಿ ಎಂದು ಲಾಭಕ್ಕಾಗಿ ಬಯಸುವುದು ಬೇರೆ ಎಂಬುದು ಅವನ ತೀರ್ಮಾನದ ಸಾರ.

ನಮ್ಮ ದೇಶದ ಕಾನೂನು ಇಷ್ಟು ದೂರ ಹೋಗುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಮಿನಲ್ಲಿ ಕುದುರೆಯ ಉದಾಹರಣೆಯಿದೆ. ದೋಷವಿರುವ ಕುದುರೆಯನ್ನು ಹರಾಜಿನಲ್ಲಿ ಮಾರುವವನು ಏನೂ ಹೇಳದಿದ್ದರೆ ಅದು ವಂಚನೆಯಲ್ಲ. ಆದರೆ ಕೊಳ್ಳುವವಳು ಆಗ ತಾನೇ ಪ್ರಾಯಕ್ಕೆ ಬಂದ ಅವನದೇ ಮಗಳಾಗಿದ್ದರೆ ದೋಷವನ್ನು ಹೇಳುವುದು ಅವನ ಕರ್ತವ್ಯವಾಗುತ್ತದೆ. 'ನೀವು ಇಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆಯೆಂದು ಭಾವಿಸುತ್ತೇನೆ' ಎಂದು ಕೊಳ್ಳುವವನು ಹೇಳಿದಾಗ ಸುಮ್ಮನಿದ್ದರೆ, ಆ ಮೌನವು ಮಾತಿಗೆ ಸಮ.

ಕಾಯ್ದೆಯ ಈ ಉದಾಹರಣೆಗಳನ್ನು ನಿಧಾನವಾಗಿ ಯೋಚಿಸಿ ನೋಡಿ. ಕುದುರೆ ಅದೇ, ದೋಷ ಅದೇ. ಬದಲಾದದ್ದು ಎದುರಿಗಿರುವವರೊಂದಿಗಿನ ಸಂಬಂಧ ಮಾತ್ರ. ಕಾನೂನು ಮಗಳ ಬಳಿ ನಿಲ್ಲುತ್ತದೆ. ನೀತಿ ಅಲ್ಲಿಗೇ ನಿಲ್ಲಬೇಕೇ? ಅಪರಿಚಿತನ ಮಗಳೂ ಆ ಮುಂದಿನ ಸೀಟಿನಲ್ಲಿ ಕುಳಿತುಕೊಳ್ಳುವವಳೇ. ಅದೂ ಅಲ್ಲದೆ, ಹರಾಜಿನ ಮಾಲಕ ಕುದುರೆಗೆ ಬಣ್ಣ ಬಳಿಯಲಿಲ್ಲ, ಸುಮ್ಮನಿದ್ದ ಅಷ್ಟೆ. ಪುಟ್ಟಿ ಮೆತ್ತಿ ಬಣ್ಣ ಹೊಡೆಸಿದವನು ಸುಮ್ಮನಿದ್ದಾನೆಂದು ಹೇಳುವುದು ಹೇಗೆ? ಅವನ ಪರವಾಗಿ ಆ ಬಣ್ಣವೇ ಮಾತನಾಡುತ್ತಿದೆ: ಇಲ್ಲಿ ಏನೂ ಆಗಿಲ್ಲವೆಂದು. ಮೌನದ ಸಮರ್ಥನೆ ಅವನಿಗೆ ದಕ್ಕುವುದಿಲ್ಲ.

'ಹಳೆಯ ಕಾರು ಎಂದರೆ ಹೀಗೆಯೇ, ಬೆಲೆಯಲ್ಲಿ ಅದೆಲ್ಲ ಸೇರಿರುತ್ತದೆ' ಎಂಬ ಮಾತನ್ನು ಎಲ್ಲರೂ ಕೇಳಿರುತ್ತೇವೆ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಬಳಸಿದ ಕಾರುಗಳ ಮಾರುಕಟ್ಟೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಇದರ ಇನ್ನೊಂದು ಮುಖವನ್ನು ತೋರಿಸಿದರು. ಒಳ್ಳೆಯ ಕಾರು ಯಾವುದು, ಕೆಟ್ಟದ್ದು ಯಾವುದು ಎಂದು ಕೊಳ್ಳುವವನಿಗೆ ತಿಳಿಯದಿದ್ದರೆ ಅವನು ಎಲ್ಲದಕ್ಕೂ ಕಡಿಮೆ ಬೆಲೆಯನ್ನೇ ಹೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನವನು ಮಾರಲು ಒಪ್ಪುವುದಿಲ್ಲ. ಕೊನೆಗೆ ಸಂತೆಯಲ್ಲಿ ಕೆಟ್ಟದ್ದೇ ಉಳಿಯುತ್ತದೆ. ಅವರಿಗೆ 2001ರಲ್ಲಿ ಇನ್ನಿಬ್ಬರೊಂದಿಗೆ ಅರ್ಥಶಾಸ್ತ್ರದ ನೊಬೆಲ್ ದೊರೆಯಿತು. ಅಂದರೆ, ಬಣ್ಣ ಬಳಿದು ಮಾರುವವನು ತನ್ನ ಗಿರಾಕಿಯೊಂದಿಗೆ, ಕಾರನ್ನು ಜೋಪಾನವಾಗಿ ನೋಡಿಕೊಂಡ ಪಕ್ಕದ ಮನೆಯವನಿಗೂ ನಷ್ಟ ಮಾಡುತ್ತಾನೆ. ಪ್ರಾಮಾಣಿಕನ ಮಾತನ್ನೂ ಯಾರೂ ನಂಬದಂತಾಗುವುದೇ ಆ ನಷ್ಟ.

ಇನ್ನು ಗ್ಯಾರೇಜಿನವನ ಪಾಡು. 'ಮಾರುವ ಗಾಡಿ, ಮೇಲಿಂದ ಒಂದು ಕೈ ಹೊಡೆದುಬಿಡಿ ಭಾಯಿ' ಎನ್ನುವ ಗಿರಾಕಿಗೆ ಅವನು ಏನು ಹೇಳಬೇಕು? ಆಗುವುದಿಲ್ಲ ಎಂದರೆ ಗಿರಾಕಿ ಎದುರಿನ ಶೆಡ್ಡಿಗೆ ಹೋಗುತ್ತಾನೆ. ಇವನಿಗೆ ಬಾಡಿಗೆ ಕಟ್ಟಬೇಕು, ಹುಡುಗರಿಗೆ ಸಂಬಳ ಕೊಡಬೇಕು. ನೀತಿಯ ಭಾರವನ್ನೆಲ್ಲ ದಿನಗೂಲಿಯ ಕೈಗಳ ಮೇಲೆ ಹೊರಿಸಿ, ಕಾರಿನ ಮಾಲಕನನ್ನು ಬಿಟ್ಟುಬಿಡುವುದು ನ್ಯಾಯವಲ್ಲ. ದೊಡ್ಡ ಪಾಲು ಮಾಲಕನದೇ. ಆದರೂ ಬೀಡಿಂಗ್ ಎತ್ತಿ ಒಳಗಿನದನ್ನು ಕಂಡವನು ಆ ಕೆಲಸಗಾರ. ಕಡೇ ಪಕ್ಷ ಅವನು ಎರಡು ಕೆಲಸಗಳನ್ನು ಮಾಡಬಲ್ಲ. ಒಳಗೆ ಏನಿದೆಯೆಂದು ಗಿರಾಕಿಗೆ ಬಾಯಿಬಿಟ್ಟು ಹೇಳುವುದು ಒಂದು. ತಾನು ಮಾಡಿದ್ದು ಬಣ್ಣದ ಕೆಲಸವೇ, ತುಕ್ಕಿನ ಕೆಲಸವೇ ಎಂಬುದನ್ನು ಬಿಲ್ಲಿನಲ್ಲಿ ಇದ್ದದ್ದು ಇದ್ದಂತೆ ಬರೆಯುವುದು ಇನ್ನೊಂದು. ಇದಕ್ಕೆ ಹೆಚ್ಚು ಖರ್ಚಿಲ್ಲ. ಆ ಮೇಲೆ ಗೊತ್ತಿರಲಿಲ್ಲ ಎಂದು ಹೇಳುವ ಅವಕಾಶ ಮಾಲಕನಿಗಿರುವುದಿಲ್ಲ.

ಮಾಲಕನಿಗೂ ದಾರಿಗಳು ಮುಚ್ಚಿಲ್ಲ. ಸರಿಯಾದ ರಿಪೇರಿಗೆ ಹಣವಿಲ್ಲದವನು ತುಕ್ಕನ್ನು ಹಾಗೆಯೇ ಬಿಟ್ಟು, ಗುಳ್ಳೆಯನ್ನು ಬೆರಳಿಟ್ಟು ತೋರಿಸಿ, ಬೆಲೆ ಸ್ವಲ್ಪ ಇಳಿಸಿ ಮಾರಬಹುದು. ಬಡವನು ಪ್ರಾಮಾಣಿಕನಾಗಿರಲು ಶ್ರೀಮಂತನಾಗಬೇಕಿಲ್ಲ. ಒಂದಿಷ್ಟು ನಷ್ಟ ಸಹಿಸಿದರೆ ಸಾಕು. ಆ ನಷ್ಟ ನಿಜವಾದದ್ದೇ. ಆದರೆ ಹೇಳದೆ ಮಾರಿದರೂ ಅದು ಇಲ್ಲವಾಗುವುದಿಲ್ಲ. ಸಾಲ ಮಾಡಿ ಹಳೆಯ ಕಾರು ಕೊಂಡು ಟ್ಯಾಕ್ಸಿ ಓಡಿಸಿ ಬದುಕಬೇಕೆಂದಿರುವ ಯಾವನೋ ಒಬ್ಬನ ತಲೆಯ ಮೇಲೆ, ಅವನಿಗೆ ತಿಳಿಯದಂತೆ, ಹೋಗಿ ಕೂರುತ್ತದೆ.

ಹಾಗಾದರೆ ರಿಪೇರಿಗೂ ಮರೆಮಾಚುವಿಕೆಗೂ ಗೆರೆ ಎಳೆಯುವುದು ಎಲ್ಲಿ? ಒಂದು ಸರಳ ಒರೆಗಲ್ಲಿದೆ. ಕಾರನ್ನು ಕೊಳ್ಳಲಿರುವವನು ಗ್ಯಾರೇಜಿನಲ್ಲಿ ಪಕ್ಕದಲ್ಲೇ ಸ್ಟೂಲು ಹಾಕಿ ಕುಳಿತಿದ್ದರೂ ಈ ಕೆಲಸವನ್ನು ಹೀಗೆಯೇ ಮಾಡಿಸುತ್ತಿದ್ದೆನೇ? ಹೌದಾದರೆ ಅದು ರಿಪೇರಿ, ಪುಟ್ಟಿ ಹಾಕಿದ್ದರೂ ಸರಿ. ಅವನು ಎದ್ದು ಹೋಗುವವರೆಗೆ ಕಾಯಬೇಕೆನಿಸಿದರೆ, ಎಮರಿ ಪೇಪರನ್ನು ಇನ್ನೂ ಕೆಳಗಿಡುವ ಹೊತ್ತಾಗಿಲ್ಲ.