ಕರುವಿನ ಪಾಲು

ರೋಗವಿಲ್ಲದ ಹಸುವಿನ ಮದ್ದಿಗೆ ಹಣ ತೆರುವುದು ವಿವೇಕವೇ ಎಂದು ಗೃಹಸ್ಥನು ಕೇಳಬಹುದು. ಇಂಗ್ಲೆಂಡ್, ಅಮೆರಿಕ ಮೊದಲಾದ ದೇಶಗಳಲ್ಲಿ ಎಳಗರುಗಳ ಭೇದಿಯನ್ನು ತಡೆಯಲು ಗಬ್ಬದ ಹಸುವಿಗೆ ಈಯುವ ಕೆಲವು ವಾರ ಮುಂಚೆ ಲಸಿಕೆ ಹಾಕಿಸುವರು. ಅದರಿಂದ ತಾಯಿಯಲ್ಲಿ ಹುಟ್ಟುವ ರೋಗನಿರೋಧಕ ಶಕ್ತಿ ಗರ್ಭದಲ್ಲಿ ಕರುವಿಗೆ ದೊರೆಯದು. ಗಿಣ್ಣುಹಾಲಿನ ಮೂಲಕವೇ ದೊರೆಯಬೇಕು. ಹುಟ್ಟಿದ 6 ಗಂಟೆಯೊಳಗೆ ಹೊಟ್ಟೆತುಂಬ ಕುಡಿದರೆ ಉತ್ತಮ. 24 ಗಂಟೆ ಕಳೆದರೆ ಕರುಳು ಆ ಶಕ್ತಿಯನ್ನು ರಕ್ತಕ್ಕೆ ಹೀರಿಕೊಳ್ಳಲಾರದು.

ಹೀಗಿರಲು, ಲಸಿಕೆಗೆ ಹಣ ತೆತ್ತು, ಮೊದಲ ಹಾಲನ್ನು ಮನೆಯ ಗಿಣ್ಣಿಗೆಂದು ಕರೆದುಕೊಂಡವನು ಹಣವನ್ನೂ ಕಳೆದನು, ಕರುವನ್ನೂ ಅಪಾಯಕ್ಕೊಡ್ಡಿದನು. ಹಣದ ವೆಚ್ಚ ಒಮ್ಮೆಗೆ ತೀರುವುದು; ನಾಲಗೆಯ ಆಸೆಯನ್ನು ತಡೆಯುವುದೇ ಕಠಿಣವಾದ ವೆಚ್ಚ. ಮೂಕಪ್ರಾಣಿಯು ತನ್ನ ಪಾಲನ್ನು ಕೇಳಲಾರದು; ಕೇಳದವರ ಪಾಲನ್ನು ಕಾಯುವುದೇ ದಯೆ. ಕರು ಕುಡಿದು ಮಿಕ್ಕುದು ಮನೆಗೆ ಪ್ರಸಾದ. ಅದಕ್ಕೆ ಮುನ್ನ ತೆಗೆದುದು ಪರರ ಸೊತ್ತು.