ಒಂದೇ ದೀಕ್ಷಾಸ್ನಾನ, ಒಂದೇ ಮನೆ
(ಕಥೋಲಿಕ ವಿಶ್ವಾಸವನ್ನು ತಿಳಿಯಬಯಸುವ ಯಾತ್ರಿಕರಿಗೆ)



ಸಂತ ಜೋಸೆಫ್ ವಾಜರ ಈ ಮುಡಿಪು ಗುಡ್ಡೆಗೆ ನಿಮಗೆ ಪ್ರೀತಿಯ ಸ್ವಾಗತ. ಕೆಲವರು ಹರಕೆ ತೀರಿಸಲು ಬಂದಿದ್ದೀರಿ, ಕೆಲವರು ಮನೆಯಲ್ಲಿ ಮಲಗಿರುವ ರೋಗಿಗಾಗಿ ಬೇಡಲು ಬಂದಿದ್ದೀರಿ. ನಿಮ್ಮ ನಡುವೆ ಇನ್ನೂ ಕೆಲವರಿದ್ದೀರಿ. ಯೇಸುಸ್ವಾಮಿಯನ್ನು ಮನಸಾರೆ ನಂಬಿದವರು, ಆದರೆ ಕಥೋಲಿಕರಲ್ಲ. ಗಂಡನ ಜೊತೆಗೋ, ನೆರೆಮನೆಯವರ ಜೊತೆಗೋ ಗುಡ್ಡೆ ಹತ್ತಿದವರು. ಈ ಪುಟಗಳು ಮುಖ್ಯವಾಗಿ ನಿಮಗಾಗಿ.

ಒಂದು ಹಬ್ಬದ ದಿನ ಬಲಿಪೂಜೆ ಮುಗಿದ ಮೇಲೆ ಒಬ್ಬ ತಾಯಿ ನನ್ನ ಹತ್ತಿರ ಬಂದರು. "ಫಾದರ್, ನಾನು ಸಿ.ಎಸ್.ಐ. ಸಭೆಯವಳು. ನಮ್ಮ ಯಜಮಾನ್ರು ಕಥೋಲಿಕರು. ಪರಮಪ್ರಸಾದಕ್ಕೆ ಅವರು, ಮಕ್ಕಳು ಎಲ್ಲ ಎದ್ದು ಹೋಗ್ತಾರೆ. ನಾನೊಬ್ಬಳೇ ಬೆಂಚಿನಲ್ಲಿ ಉಳೀತೇನೆ. ನಾನೇನು ಹೊರಗಿನವಳಾ?" ಎಂದು ಕೇಳಿದರು. ನಾನು ಅವಸರದಲ್ಲಿದ್ದೆ. "ಅದು ಧರ್ಮಸಭೆಯ ನಿಯಮ, ಅಮ್ಮಾ" ಅಂದುಬಿಟ್ಟೆ. ಆಕೆ ತಲೆ ತಗ್ಗಿಸಿ ಹೊರಟುಹೋದರು. ನಾನು ಹೇಳಿದ್ದು ಸುಳ್ಳಲ್ಲ, ಆದರೆ ಅಷ್ಟೇ ಹೇಳಿದ್ದು ತಪ್ಪು. ಅಂದು ಹೇಳಬೇಕಾಗಿದ್ದ ಉತ್ತರವನ್ನು ಇಂದು ಇಲ್ಲಿ ಬರೆಯುತ್ತಿದ್ದೇನೆ.

ನೀವು ಹೊರಗಿನವರಲ್ಲ

ಮೊದಲ ಮಾತು ಇದು. ತಂದೆ, ಮಗ, ಪವಿತ್ರಾತ್ಮರ ನಾಮದಲ್ಲಿ ನೀರಿನಿಂದ ದೀಕ್ಷಾಸ್ನಾನ ಪಡೆದವರು ಯಾವ ಸಭೆಯವರಾದರೂ ಕ್ರಿಸ್ತನಿಗೆ ಸೇರಿದವರು. ಆ ದೀಕ್ಷಾಸ್ನಾನವನ್ನು ಕಥೋಲಿಕ ಧರ್ಮಸಭೆ ಒಪ್ಪಿಕೊಳ್ಳುತ್ತದೆ, ಮತ್ತೊಮ್ಮೆ ಕೊಡುವುದಿಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಇತರ ಸಭೆಗಳ ಕ್ರೈಸ್ತರನ್ನು ಸಹೋದರರೆಂದು ಗೌರವದಿಂದ ಕರೆಯಿತು.

ನಾವು ಒಟ್ಟಾಗಿ ನಂಬುವುದು ಬಹಳ ಇದೆ. ಒಬ್ಬನೇ ದೇವರು, ಮೂವರು ವ್ಯಕ್ತಿಗಳು. ಯೇಸು ನಿಜವಾದ ದೇವರು, ನಿಜವಾದ ಮನುಷ್ಯ. ನಮಗಾಗಿ ಶಿಲುಬೆಯಲ್ಲಿ ಸತ್ತು, ಮೂರನೆಯ ದಿನ ಎದ್ದು ಬಂದವನು. 325ರಲ್ಲಿ ನಿಸೆಯಾ ಊರಿನಲ್ಲಿ ಸೇರಿದ ಬಿಷಪರು ಸಾರಿದ ವಿಶ್ವಾಸ ನಮ್ಮಿಬ್ಬರದೂ ಹೌದು. "ಕಥೋಲಿಕರು ಪುಣ್ಯಕಾರ್ಯ ಮಾಡಿ ಸ್ವರ್ಗ ಕೊಂಡುಕೊಳ್ಳುತ್ತಾರಂತೆ" ಎಂದು ಕೆಲವರು ಹೇಳುವುದುಂಟು. ಹಾಗಲ್ಲ. ರಕ್ಷಣೆ ದೇವರ ಕೃಪೆಯ ದಾನ. ಅದನ್ನು ಸಂಪಾದಿಸಲು ನಮ್ಮಿಂದಾಗದು. ಆ ಕೃಪೆಯೇ ನಮ್ಮ ಕೈಯಿಂದ ಒಳ್ಳೆಯ ಕೆಲಸ ಮಾಡಿಸುತ್ತದೆ. 1999ರಲ್ಲಿ ಲೂಥರನ್ ಸಭೆಗಳೂ ಕಥೋಲಿಕ ಧರ್ಮಸಭೆಯೂ ಈ ವಿಷಯದ ಮೂಲ ಸತ್ಯಗಳಲ್ಲಿ ಒಮ್ಮತವಿದೆ ಎಂದು ಕೂಡಿ ಸಹಿ ಹಾಕಿವೆ.

ಧರ್ಮಗ್ರಂಥ ಮತ್ತು ಪರಂಪರೆ

ಬೈಬಲ್ ದೇವರ ವಾಕ್ಯ. ಇದರಲ್ಲಿ ಎರಡು ಮಾತಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರೂ ಅವರ ನಂತರದವರೂ ಬೈಬಲನ್ನು ಮನೆಮನೆಯಲ್ಲಿ ಓದುವ ಅಭ್ಯಾಸ ಬೆಳೆಸಿದರು. ಆ ಅಭ್ಯಾಸವನ್ನು ನಾವು ನಿಮ್ಮಿಂದ ಕಲಿಯಬೇಕಾದದ್ದಿದೆ. ನಿಮ್ಮ ಬೈಬಲಿನಲ್ಲಿ 66 ಪುಸ್ತಕಗಳು, ನಮ್ಮದರಲ್ಲಿ 73. ಹಳೆಯ ಒಡಂಬಡಿಕೆಯ ತೋಬಿತ, ಮಕ್ಕಬಿಯರು ಮುಂತಾದ ಏಳು ಪುಸ್ತಕಗಳ ವ್ಯತ್ಯಾಸ ಅದು.

ಆದರೆ ಹೊಸ ಒಡಂಬಡಿಕೆ ಬರೆಯುವ ಮೊದಲೇ ಧರ್ಮಸಭೆ ಇತ್ತು. ಪ್ರೇಷಿತರು ಮೊದಲು ಬಾಯಿಂದ ಸಾರಿದರು, ರೊಟ್ಟಿ ಮುರಿದರು, ತಮ್ಮ ನಂತರ ಮೇಲ್ವಿಚಾರಕರನ್ನು ನೇಮಿಸಿದರು. ಹೀಗೆ ಕೈಯಿಂದ ಕೈಗೆ ಬಂದದ್ದನ್ನು ನಾವು ಪವಿತ್ರ ಪರಂಪರೆ ಎನ್ನುತ್ತೇವೆ. ಬಿಷಪರು ಪ್ರೇಷಿತರ ಉತ್ತರಾಧಿಕಾರಿಗಳು, ರೋಮಿನ ಪೋಪ್ ಪೇತ್ರರ ಉತ್ತರಾಧಿಕಾರಿ. ಕುರಿಗಳನ್ನು ಒಟ್ಟಾಗಿ ಇಡುವುದು ಅವರ ಹೊಣೆ.

ಪರಮಪ್ರಸಾದ

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಯೇಸುಸ್ವಾಮಿ ಸ್ಥಾಪಿಸಿದ ಸಂಸ್ಕಾರಗಳು ಏಳು: ದೀಕ್ಷಾಸ್ನಾನ, ದೃಢೀಕರಣ, ಪರಮಪ್ರಸಾದ, ಪಾಪನಿವೇದನೆ, ರೋಗಿಗಳ ಅಭ್ಯಂಗ, ಯಾಜಕದೀಕ್ಷೆ, ವಿವಾಹ. ಇವುಗಳ ನಡುವಿನ ಕೇಂದ್ರ ಪರಮಪ್ರಸಾದ. ರೊಟ್ಟಿ, ದ್ರಾಕ್ಷಾರಸಗಳು ಬಲಿಪೂಜೆಯಲ್ಲಿ ಕ್ರಿಸ್ತನ ಶರೀರ, ರಕ್ತಗಳೇ ಆಗುತ್ತವೆ. ನೋಟ, ರುಚಿ ಹಾಗೇ ಉಳಿಯುತ್ತದೆ, ಒಳಗಿನ ಸತ್ಯ ಬೇರೆಯಾಗುತ್ತದೆ. ಇದು ಬರೀ ನೆನಪಲ್ಲ, ಬರೀ ಗುರುತಲ್ಲ. ಯೊವಾನ್ನರ ಶುಭಸಂದೇಶದ 6ನೇ ಅಧ್ಯಾಯ ಓದಿ ನೋಡಿ. ಈ ಮಾತು ಕಠಿಣವಾಯಿತೆಂದು ಅನೇಕ ಶಿಷ್ಯರು ಬಿಟ್ಟುಹೋದಾಗಲೂ ಯೇಸು ಅದನ್ನು ಸಡಿಲ ಮಾಡಲಿಲ್ಲ.

ಪರಮಪ್ರಸಾದ ಸ್ವೀಕರಿಸುವಾಗ ನಾವು "ಆಮೆನ್" ಅನ್ನುತ್ತೇವೆ. ಆ ಒಂದು ಪದದಲ್ಲಿ ಎರಡು ಒಪ್ಪಿಗೆಗಳಿವೆ. ಇಲ್ಲಿ ಇರುವುದು ಕ್ರಿಸ್ತನೇ ಎಂಬುದು ಒಂದು. ಈ ಧರ್ಮಸಭೆಯ ವಿಶ್ವಾಸವೇ ನನ್ನ ವಿಶ್ವಾಸ ಎಂಬುದು ಇನ್ನೊಂದು. ಓದದ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವವರು ನಮ್ಮ ಹಿತೈಷಿಗಳಲ್ಲ. ನಿಮ್ಮ ಮನಸ್ಸು ಇನ್ನೂ ಒಪ್ಪದ ಮಾತನ್ನು ನಿಮ್ಮ ಬಾಯಿಂದ ಹೇಳಿಸಬಾರದು ಎಂದೇ ಧರ್ಮಸಭೆ ಕಾಯಲು ಹೇಳುತ್ತದೆ. ಈ ಕಾಯುವಿಕೆ ನೋವಿನದ್ದು. ಬೆಂಚಿನಲ್ಲಿ ಉಳಿದವರಿಗೆ ನೋವು, ಕೊಡಲಾಗದ ಗುರುಗಳಿಗೂ ನೋವು. ಆ ನೋವು ನಮ್ಮ ಒಡಕಿನ ನಿಜವಾದ ಗಾಯ. ಗಾಯಕ್ಕೆ ಬಟ್ಟೆ ಮುಚ್ಚಿ "ಏನೂ ಆಗಿಲ್ಲ" ಅಂದರೆ ಅದು ವಾಸಿಯಾಗುವುದಿಲ್ಲ.

ಮಾತೆ ಮರಿಯಮ್ಮ ಮತ್ತು ಸಂತರು

ಆರಾಧನೆ ದೇವರಿಗೆ ಮಾತ್ರ. ಮರಿಯಮ್ಮನಿಗೂ ಸಂತರಿಗೂ ನಾವು ಸಲ್ಲಿಸುವುದು ಗೌರವ. ಪ್ರಾರ್ಥಿಸಿ ಎಂದು ಪಾಸ್ಟರ್ ಅವರನ್ನು ಕೇಳುತ್ತೀರಲ್ಲ? ಹಾಗೆಯೇ ಸ್ವರ್ಗದಲ್ಲಿರುವ ನಮ್ಮ ಅಣ್ಣ ಅಕ್ಕಂದಿರನ್ನೂ ಕೇಳುತ್ತೇವೆ. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಮುಗಿದಾಗ ಮರಿಯಮ್ಮ ಮಾಡಿದ್ದೂ ಇದನ್ನೇ. ಮಗನಿಗೆ ಕೊರತೆ ತಿಳಿಸಿದರು, ಸೇವಕರನ್ನು ಮಗನ ಮಾತಿಗೆ ಒಪ್ಪಿಸಿದರು. ಪ್ರತಿಮೆ ಎಂದರೆ ಗೋಡೆಯ ಮೇಲಿನ ಅಪ್ಪ ಅಮ್ಮನ ಫೋಟೋ ಇದ್ದ ಹಾಗೆ. ಮರಕ್ಕೆ, ಮಣ್ಣಿಗೆ ಶಕ್ತಿಯಿಲ್ಲ.

ನಮ್ಮ ಕಥೋಲಿಕ ಯಾತ್ರಿಕರಿಗೂ ಇಲ್ಲೊಂದು ಮಾತು. ಹರಕೆ ವ್ಯಾಪಾರವಲ್ಲ. ಮೇಣದ ಬತ್ತಿ ಹಚ್ಚಿ, ಪಾಪನಿವೇದನೆ ಮಾಡದೆ, ಪಕ್ಕದ ಮನೆಯವರ ಜೊತೆ ಮಾತು ಬಿಟ್ಟೇ ಗುಡ್ಡೆ ಇಳಿದರೆ ಸಂತರು ಏನು ಮಾಡಿಯಾರು? ನಮ್ಮನ್ನು ನೋಡಿ ಇತರ ಸಭೆಯವರು ಎಡವಿದರೆ ತಪ್ಪು ಅವರದಲ್ಲ.

ಈ ಗುಡ್ಡೆಯ ಸಂತರು ಕಲಿಸುವುದು

ಜೋಸೆಫ್ ವಾಜರು 1651ರಲ್ಲಿ ಗೋವೆಯ ಬೆನೌಲಿಮ್‌ನಲ್ಲಿ ಹುಟ್ಟಿದರು. 1677ರಲ್ಲಿ ತಾನು ಮರಿಯಮ್ಮನ ದಾಸನೆಂದು ಪತ್ರ ಬರೆದುಕೊಟ್ಟರು. 1681ರಲ್ಲಿ ಕೆನರಾಕ್ಕೆ ಬಂದಾಗ ಇಲ್ಲಿ ಕಥೋಲಿಕರೇ ಎರಡು ಪಕ್ಷ. ಗೋವೆಯ ಆಡಳಿತದವರು ಒಂದು ಕಡೆ, ರೋಮಿನಿಂದ ನೇಮಕವಾದ ಬಿಷಪರು ಇನ್ನೊಂದು ಕಡೆ. ಒಬ್ಬರು ಕೊಟ್ಟ ಸಂಸ್ಕಾರ ಸಲ್ಲದೆಂದು ಇನ್ನೊಬ್ಬರು ಸಾರುತ್ತಿದ್ದರು. ಆ ಜಗಳದ ನಡುವೆ ವಾಜರು ಸಮಾಧಾನದ ದಾರಿ ಹುಡುಕಿದರು. ಇದೇ ಗುಡ್ಡೆಗೆ ರೋಗಿಯ ನೆಪ ಹೇಳಿ ಅವರನ್ನು ಕೊಲ್ಲಲು ಕರೆತಂದರೆಂದೂ, ಅವರು ಪ್ರಾರ್ಥಿಸಿದಲ್ಲಿ ನೀರು ಚಿಮ್ಮಿತೆಂದೂ ಹಿರಿಯರು ಹೇಳುತ್ತಾರೆ.

1687ರಲ್ಲಿ ಅವರು ಲಂಕೆಗೆ ಹೋದರು. ಅಲ್ಲಿನ ಕರಾವಳಿ ಪ್ರೊಟೆಸ್ಟೆಂಟ್ ಡಚ್ಚರ ಕೈಯಲ್ಲಿತ್ತು, ಕಥೋಲಿಕ ಗುರುಗಳಿಗೆ ಪ್ರವೇಶವಿರಲಿಲ್ಲ. ವಾಜರು ಕೂಲಿಯವನ ವೇಷದಲ್ಲಿ, ಕೊರಳಿಗೆ ಜಪಮಾಲೆ ಹಾಕಿಕೊಂಡು ಮನೆಬಾಗಿಲಲ್ಲಿ ಭಿಕ್ಷೆ ಬೇಡುತ್ತಾ ತಮ್ಮ ಜನರನ್ನು ಹುಡುಕಿದರು. ಕ್ರೈಸ್ತರು ಕ್ರೈಸ್ತರಿಗೆ ಹೆದರಿ ಅಡಗಬೇಕಾಯಿತು. ಕ್ಯಾಂಡಿಯ ಬೌದ್ಧ ರಾಜ ಮೊದಲು ಸೆರೆಗೆ ಹಾಕಿದರೂ ಮುಂದೆ ಸಾರುವ ಸ್ವಾತಂತ್ರ್ಯ ಕೊಟ್ಟ. 1697ರಲ್ಲಿ ಸಿಡುಬು ಹಬ್ಬಿದಾಗ ವಾಜರು ಜಾತಿ ಮತ ನೋಡದೆ ರೋಗಿಗಳ ಸೇವೆ ಮಾಡಿದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ತೀರಿಕೊಂಡರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು.

ಡಚ್ಚರನ್ನು ದೂರುವುದಕ್ಕೆ ಇದನ್ನು ಹೇಳಲಿಲ್ಲ. ನಮ್ಮ ಕೈಗಳೂ ಶುದ್ಧವಲ್ಲ. ಗೋವೆಯಲ್ಲಿ 1560ರಲ್ಲಿ ಶುರುವಾದ ಇಂಕ್ವಿಸಿಷನ್ ಎಷ್ಟೋ ಜನರನ್ನು ನೋಯಿಸಿತು. 2000ದ ಮಾರ್ಚ್ 12ರಂದು ಪೋಪ್ ಎರಡನೇ ಜಾನ್ ಪಾಲ್ ಧರ್ಮಸಭೆಯ ಮಕ್ಕಳ ಪಾಪಗಳಿಗಾಗಿ ಬಹಿರಂಗವಾಗಿ ದೇವರ ಕ್ಷಮೆ ಬೇಡಿದರು.

ಮುಂದೇನು?

ಕಥೋಲಿಕ ವಿಶ್ವಾಸ ನಿಮ್ಮನ್ನು ಕರೆಯುತ್ತಿದೆ ಎನಿಸಿದರೆ ನಿಮ್ಮ ಊರಿನ ಗುರುಗಳೊಂದಿಗೆ ಮಾತಾಡಿ. ಕಲಿಯಿರಿ, ಪ್ರಶ್ನೆ ಕೇಳಿ, ಪ್ರಾರ್ಥಿಸಿ. ಸಮಯ ಬಂದಾಗ ವಿಶ್ವಾಸ ಪ್ರಮಾಣ ಮಾಡಿ, ದೃಢೀಕರಣವನ್ನೂ ಪರಮಪ್ರಸಾದವನ್ನೂ ಪಡೆಯುತ್ತೀರಿ. ಗಂಡನ ಮನೆಯವರ ಒತ್ತಾಯಕ್ಕೋ, ನಾಲ್ಕು ಜನರ ಮಾತಿಗೋ ಬರಬೇಡಿ. ಮನಸ್ಸಾಕ್ಷಿಯ ಬಾಗಿಲನ್ನು ಯಾರೂ ಹೊರಗಿನಿಂದ ನೂಕಬಾರದು. ಕರೆ ಕೇಳದಿದ್ದರೆ ನಿಮ್ಮ ಸಭೆಯಲ್ಲೇ ಕ್ರಿಸ್ತನನ್ನು ಪ್ರೀತಿಸಿ, ನಮಗಾಗಿಯೂ ಬೇಡಿ.

ಆ ತಾಯಿ ಎಲ್ಲಿದ್ದಾರೋ ನಾನರಿಯೆ. ಅಮ್ಮಾ, ಈ ಪುಸ್ತಕ ನಿಮ್ಮ ಕೈ ಸೇರಿದರೆ, ಅಂದಿನ ನನ್ನ ಅವಸರವನ್ನು ಕ್ಷಮಿಸಿ. ನೀವು ಬೆಂಚಿನಲ್ಲಿ ಒಬ್ಬರೇ ಇರುವುದಿಲ್ಲ. ಯಾರಿಗಾಗಿ ಎಲ್ಲರೂ ಎದ್ದು ಹೋಗುತ್ತಾರೋ ಆ ಸ್ವಾಮಿ ನಿಮ್ಮ ಪಕ್ಕದಲ್ಲೂ ಇದ್ದಾನೆ.

ಪ್ರಾರ್ಥಿಸೋಣ: ಪ್ರಭುವೇ, ಒಂದೇ ನೀರಿನಲ್ಲಿ ನಮ್ಮನ್ನು ತೊಳೆದೆ. ಒಂದೇ ಪೀಠದ ಸುತ್ತ ನಮ್ಮನ್ನು ಕೂಡಿಸು. ಆ ದಿನ ಬರುವ ತನಕ ಒಬ್ಬರನ್ನೊಬ್ಬರು ಪ್ರೀತಿಸುವ ತಾಳ್ಮೆ ಕೊಡು. ಸಂತ ಜೋಸೆಫ್ ವಾಜರೇ, ನಮಗಾಗಿ ಪ್ರಾರ್ಥಿಸಿ. ಆಮೆನ್.